ಮಳೆಯನ್ನು ಇಬ್ಬರು ಸೇರಿ ಪಾಠ ಮಾಡುವುದು ಹೇಗೆ

ನಾನು ಕೊಡಗು ಜಿಲ್ಲೆಯ ನಾಪೋಕ್ಲು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಸಮಾಜ ವಿಜ್ಞಾನದ ಶಿಕ್ಷಕಿಯ ಜೊತೆ ಸೇರಿ ಒಂಬತ್ತನೆಯ ತರಗತಿಗೆ ಮಳೆಯ ಮೇಲೆ ಒಂದು ಘಟಕವನ್ನು ಮೂರು ವರ್ಷಗಳಿಂದ ನಡೆಸುತ್ತಿದ್ದೇನೆ. ಅದರಲ್ಲಿ ಕಂಪ್ಯೂಟರ್ ಇದೆ, ಮೊಬೈಲ್ ಇದೆ, ಪ್ರೊಜೆಕ್ಟರ್ ಇದೆ. ಬೇರೆ ಶಾಲೆಯ ಶಿಕ್ಷಕರು ಸಿಕ್ಕಾಗ ಮೊದಲು ಕೇಳುವುದು ಯಾವ ಆ್ಯಪ್ ಬಳಸಿದಿರಿ ಎಂದು. ಅದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಹೇಳಿ ಮುಗಿಸಬಹುದು. ಇಬ್ಬರೂ ಕುಳಿತು ಪಾಠವನ್ನು ಹೇಗೆ ಕಟ್ಟಿದೆವು ಎಂಬುದನ್ನು ಹೇಳಲು ಹೆಚ್ಚು ಜಾಗ ಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾವು ಮಾಡಿದ ತಪ್ಪಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದು ಎಲ್ಲರೂ ಮಾಡುವ ತಪ್ಪು. ಸಿಬ್ಬಂದಿ ಕೊಠಡಿಯಲ್ಲಿ ಹತ್ತು ನಿಮಿಷ ನಿಂತು ಮಾತನಾಡಿ, ನಕ್ಷೆ ನಿಮಗೆ, ಗ್ರಾಫ್ ನನಗೆ ಎಂದು ಜಮೀನು ಪಾಲು ಮಾಡಿದಂತೆ ಮಾಡಿಕೊಂಡೆವು. ಅವರ ತರಗತಿಯಲ್ಲಿ ಮಕ್ಕಳು ಊರ ಹಿರಿಯರಿಂದ ಮಳೆಯ ಲೆಕ್ಕ ತಂದರು, ಇಂಚಿನಲ್ಲಿ. ನನ್ನ ತರಗತಿಯಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಗಳನ್ನು ಬರೆದರು, ಮಿಲಿಮೀಟರಿನಲ್ಲಿ. ಕೊನೆಗೆ ಒಬ್ಬ ಹುಡುಗ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ತಂದ. ಅವನ ಅಜ್ಜನ ತೋಟದಲ್ಲಿ 2.5, ಪಕ್ಕದ ಪಂಚಾಯಿತಿಯ ಮಳೆಮಾಪಕದಲ್ಲಿ 63.5. "ನಮ್ಮ ತೋಟಕ್ಕೆ ಮಳೆಯೇ ಬಂದಿಲ್ಲ ಸರ್" ಎಂದ. ಎರಡೂ ಒಂದೇ ಮಳೆ, 2.5 ಇಂಚನ್ನು 25.4ರಿಂದ ಗುಣಿಸಿದರೆ 63.5 ಮಿಲಿಮೀಟರೇ ಬರುತ್ತದೆ. ತಪ್ಪು ಹುಡುಗನದಲ್ಲ. ನಾವಿಬ್ಬರು ಒಮ್ಮೆಯೂ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕುಳಿತಿರಲಿಲ್ಲ.

ಹಾಗಾಗಿ ಯೋಜನೆಗೆ ಮೊದಲು ಮಾಡಬೇಕಾದ ಕೆಲಸ ಇದು: ಜೊತೆಯವರ ತರಗತಿಯಲ್ಲಿ ಒಂದು ಇಡೀ ಅವಧಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ, ಅವರನ್ನೂ ನಿಮ್ಮ ತರಗತಿಗೆ ಕರೆಯಿರಿ. ನೋಡುವುದು ಏನನ್ನು ಎಂದು ಮೊದಲೇ ಒಂದು ವಿಷಯ ಗೊತ್ತುಪಡಿಸಿಕೊಳ್ಳಿ, ಇಲ್ಲದಿದ್ದರೆ ತಪಾಸಣೆಗೆ ಬಂದಂತೆ ಆಗುತ್ತದೆ. ನಾನು ಕೇಳಿಕೊಂಡದ್ದು, ಮಕ್ಕಳು ಎಲ್ಲಿ ಬರೆಯುವುದನ್ನು ನಿಲ್ಲಿಸುತ್ತಾರೆ ನೋಡಿ ಹೇಳಿ ಎಂದು. ಅಕ್ಷಗಳನ್ನೂ ಅಳತೆಯನ್ನೂ ನೀವೇ ಹಲಗೆಯ ಮೇಲೆ ಎಳೆದುಬಿಡುತ್ತೀರಿ, ಮಕ್ಕಳು ಆಮೇಲೆ ಚುಕ್ಕೆ ಇಡುವುದಷ್ಟೇ, ಯೋಚಿಸುವ ಭಾಗ ನೀವೇ ಮುಗಿಸಿರುತ್ತೀರಿ ಎಂದರು. ಇಪ್ಪತ್ತು ವರ್ಷಗಳಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಆ ಮಾತಿನಿಂದ ನಮ್ಮ ಘಟಕದ ಎರಡನೆಯ ವಾರವೇ ಬದಲಾಯಿತು.

ಎರಡನೆಯದು, ಉಪಕರಣ ಬದಿಗಿಟ್ಟು ಪ್ರಶ್ನೆ ಹುಡುಕುವುದು. ಆ ಪ್ರಶ್ನೆ ಒಬ್ಬರ ವಿಷಯದಿಂದ ಮಾತ್ರ ಬಿಡಿಸಲಾಗದಂತೆ ಇರಬೇಕು. ನಮಗೆ ಅದು ಸಿಕ್ಕಿದ್ದು ಬಸ್ಸಿನಲ್ಲಿ, ಜುಲೈ ತಿಂಗಳ ಒಂದು ಸಂಜೆ. ಇಲ್ಲಿ ನಾಲ್ಕು ದಿನದಿಂದ ಕೊಡೆ ಮಡಚಿರಲಿಲ್ಲ, ಕುಶಾಲನಗರದಲ್ಲಿರುವ ಅವರ ತಂಗಿ ಫೋನಿನಲ್ಲಿ ಬಟ್ಟೆ ಒಣಗಿತು ಎನ್ನುತ್ತಿದ್ದರು. ಒಂದೇ ಜಿಲ್ಲೆ, ಒಂದೇ ದಿನ, ಭಾಗಮಂಡಲದಲ್ಲಿ ಸುರಿಯುವ ಮಳೆ ಕುಶಾಲನಗರಕ್ಕೆ ಹೋಗುವಷ್ಟರಲ್ಲಿ ಏನಾಗುತ್ತದೆ? ಎಷ್ಟು ಕಡಿಮೆ ಎಂದು ಹೇಳಲು ನನ್ನ ಸಂಖ್ಯಾಶಾಸ್ತ್ರ ಬೇಕು. ಏಕೆ ಎಂದು ಹೇಳಲು ಪಶ್ಚಿಮ ಘಟ್ಟ, ಮುಂಗಾರು ಮಾರುತ, ಮಳೆಯ ನೆರಳು (ಘಟ್ಟದ ಆಚೆ ಬದಿಗೆ ಮಳೆ ಕಡಿಮೆಯಾಗುವುದು), ಅಂದರೆ ಅವರ ಭೂಗೋಳ ಬೇಕು. ಒಂಬತ್ತನೆಯ ತರಗತಿಯ ಪಾಠಗಳಲ್ಲಿ ಎರಡೂ ಇವೆ. ಹೊಸದಾಗಿ ಏನನ್ನೂ ತುರುಕಬೇಕಾಗಲಿಲ್ಲ, ಒಂದೇ ಚಟುವಟಿಕೆಯನ್ನು ಇಬ್ಬರೂ ಕಲಿಕೆಯ ನಡುವೆಯೇ ಮಾಡುವ ರೂಪಣಾತ್ಮಕ ಮೌಲ್ಯಮಾಪನಕ್ಕೆ ಬಳಸಿಕೊಂಡೆವು. ನಿಮ್ಮ ಊರು ಬೇರೆಯಾದರೆ ಪ್ರಶ್ನೆಯೂ ಬೇರೆ. ಆದರೆ ಅದು ಮಕ್ಕಳ ಮನೆಯ ಅಂಗಳದಲ್ಲಿ ಇರಲಿ.

ಈಗ ಯೋಜನೆಯ ಹಾಳೆ. ಆರಂಭದಲ್ಲಿ ಇಬ್ಬರೂ ತಿದ್ದಬಹುದಾದ ಆನ್‌ಲೈನ್ ಕಡತ ತೆರೆದೆವು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ನಮ್ಮ ಕಡೆ ಎರಡು ಮೂರು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅವರು ತಿದ್ದಿದ್ದು ನನಗೆ ಕಾಣದು, ನಾನು ಬರೆದದ್ದು ಅವರಿಗೆ ತಲುಪದು. ಆಗ ಇನ್ನೂರು ಪುಟದ ಒಂದು ಉದ್ದ ಪುಸ್ತಕ ತಂದು ಸಿಬ್ಬಂದಿ ಕೊಠಡಿಯಲ್ಲಿ ಇಟ್ಟೆವು. ಎಡಬಲ ಎರಡು ಪುಟ ಸೇರಿ ಒಂದು ಅವಧಿ. ನಾಲ್ಕು ಅಂಕಣ: ಮಕ್ಕಳು ಏನು ಮಾಡುತ್ತಾರೆ, ನಾನು ಏನು ಮಾಡುತ್ತೇನೆ, ಅವರು ಏನು ಮಾಡುತ್ತಾರೆ, ಕರೆಂಟ್ ಹೋದರೆ ಏನು. ಸಂಜೆ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳುತ್ತೇವೆ, ಹೋದಾಗ ಹೋಗಲಿ.

ಮೊದಲ ಅಂಕಣವನ್ನು ಮೊದಲು ತುಂಬಿಸಿ. ನಾವು ಏನು ಹೇಳಬೇಕು ಎಂದು ಬರೆಯತೊಡಗಿದರೆ ಪುಟ ತುಂಬಿಹೋಗುತ್ತದೆ, ಮಕ್ಕಳ ಅಂಕಣದಲ್ಲಿ 'ಕೇಳುತ್ತಾರೆ' ಎಂಬ ಒಂದು ಪದ ಉಳಿಯುತ್ತದೆ. ನಾಲ್ಕನೆಯ ಅಂಕಣ ಖಾಲಿ ಇದ್ದರೆ ಆ ಅವಧಿ ಇನ್ನೂ ಸಿದ್ಧವಾಗಿಲ್ಲ ಎಂದೇ ತಿಳಿಯಿರಿ. ನಮ್ಮಲ್ಲಿ ಅದರಲ್ಲಿ ಹೀಗಿರುತ್ತದೆ: ಗ್ರಾಫ್ ಹಾಳೆ 34, ಜಿಲ್ಲೆಯ ಗಡಿರೇಖೆಯ ನಕಲು 12, ನಿನ್ನೆಯ ಅಂಕಿಗಳ ಮುದ್ರಿತ ಪ್ರತಿ 2. ಹೋದ ಜುಲೈನಲ್ಲಿ ಆರು ಅವಧಿಗಳಲ್ಲಿ ಮೂರನ್ನು ನಾವು ಈ ಅಂಕಣದಿಂದಲೇ ನಡೆಸಿದೆವು. ಕಿಟಕಿಯ ಬಳಿ ಬೆಂಚು ಎಳೆದುಕೊಂಡು ಮಕ್ಕಳು ಕೈಯಲ್ಲೇ ಗ್ರಾಫ್ ಬರೆದರು, ಕರೆಂಟ್ ಬಂದ ದಿನ ಅದನ್ನೇ ಪರದೆಯ ಮೇಲೆ ಬಿಡಿಸಿ ಹೋಲಿಸಿದರು.

ಇಬ್ಬರು ಶಿಕ್ಷಕರಿರುವುದರ ನಿಜವಾದ ಲಾಭ ಇಲ್ಲಿದೆ. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಕೆಲಸ ಮಾಡುವ ಯಂತ್ರಗಳು ಆರು, ಮಕ್ಕಳು 34. ಒಬ್ಬನೇ ಹೋದರೆ ಆರು ಮಕ್ಕಳು ಟೈಪ್ ಮಾಡುತ್ತಾರೆ, ಉಳಿದವರು ಅವರ ಬೆನ್ನು ನೋಡುತ್ತಾರೆ. ಎರಡು ಅವಧಿಗಳನ್ನು ಜೋಡಿಸಿ ಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ತರಗತಿಯನ್ನು ಅರ್ಧ ಮಾಡಿದೆವು. ಹದಿನೇಳು ಮಕ್ಕಳು ನನ್ನ ಜೊತೆ ಯಂತ್ರದ ಮುಂದೆ, ಹದಿನೇಳು ಅವರ ಜೊತೆ ನಕ್ಷೆಯ ಸುತ್ತ, 40 ನಿಮಿಷದ ನಂತರ ಅದಲು ಬದಲು. ಬೆಳಗಿನ ಅವಧಿಗಳನ್ನೇ ಕೇಳಿ. ಮಳೆಗಾಲದ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು ಕವಿಯುತ್ತದೆ, ದೂರದ ಮಕ್ಕಳ ಮನಸ್ಸು ಬಸ್ಸಿನ ಕಡೆ ಇರುತ್ತದೆ.

ಅಂಕಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇಡುವುದು ಹಳೆಯ ರೂಢಿ. ದಿನವೂ ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟ್ ಬರೆಯುತ್ತಾರೆ. ನೂರು ಸೆಂಟ್ ಒಂದು ಇಂಚು. ನಮ್ಮ ತರಗತಿಯ ಒಂಬತ್ತು ಮನೆಗಳಲ್ಲಿ ಅಂಥ ಪುಸ್ತಕ ಇತ್ತು. ಒಬ್ಬ ಹುಡುಗಿ ತಂದದ್ದರಲ್ಲಿ ನೀಲಿ ಶಾಯಿ ತೇವಕ್ಕೆ ಹರಡಿ ಪುಟದ ಅಂಚಿನಲ್ಲಿ ಮೋಡದಂತೆ ನಿಂತಿತ್ತು, ಅಂಕಿಗಳು ಮಾತ್ರ ಸ್ಪಷ್ಟ. ಅಜ್ಜ ಇಂಚು ಮತ್ತು ಸೆಂಟಿನ ನಡುವೆ ಗೆರೆ ಎಳೆಯುತ್ತಿದ್ದರು: 1-12. ಅವಳು ಅದನ್ನು ಹಾಗೆಯೇ ಸ್ಪ್ರೆಡ್‌ಶೀಟ್‌ನಲ್ಲಿ ಟೈಪ್ ಮಾಡಿದಳು. ಎಂಟರ್ ಒತ್ತಿದ ಕೂಡಲೇ ಅದು ತಾರೀಖಾಯಿತು. "ಸರ್, ಅಜ್ಜನ ಜೂನ್ ಮಳೆ ಡಿಸೆಂಬರಿಗೆ ಹೋಯಿತು" ಎಂದು ಎದ್ದು ನಿಂತಳು. ಗೆರೆಯ ಬದಲು ಚುಕ್ಕೆ ಇಟ್ಟು 1.12 ಎಂದು ಬರೆಯಿಸಿದೆ. ಪಕ್ಕದ ಅಂಕಣದಲ್ಲಿ ಅದನ್ನು 25.4ರಿಂದ ಗುಣಿಸುವ ಸೂತ್ರ ಹಾಕಿ ಕೆಳಗೆ ಎಳೆಯುವುದನ್ನು ಅವಳೇ ಕಲಿತಳು. ಐದು ಸೆಂಟ್ ಇದ್ದರೆ 0.5 ಅಲ್ಲ, 0.05 ಎಂಬುದನ್ನು ಮಾತ್ರ ಮೊದಲೇ ಹೇಳಿಕೊಡಿ. ಇಂಥ ಎಡವಟ್ಟುಗಳು ಎಲ್ಲೆಲ್ಲಿ ಬರಬಹುದು ಎಂದು ತಿಳಿಯಲು, ಮಕ್ಕಳಿಗೆ ಕೊಡುವ ಮೊದಲು ಇಬ್ಬರೂ ಕುಳಿತು ಒಂದು ವಾರದ ಅಂಕಿಯನ್ನು ನಿಮ್ಮ ಕೈಯಾರೆ ತುಂಬಿಸಿ ನೋಡಿ. ಗಣಿತ ಗೊತ್ತಿರುವ ನನಗಿಂತ ಜೊತೆಯವರು ಎಡವುವ ಜಾಗಗಳೇ ಮಕ್ಕಳು ಎಡವುವ ಜಾಗಗಳು.

ಮಳೆ ಪುಸ್ತಕ ಇಲ್ಲದ ಮನೆಗಳ ಮಾತನ್ನು ಎತ್ತಿದವರು ನನ್ನ ಸಹೋದ್ಯೋಗಿ. ತರಗತಿಯ ಹನ್ನೊಂದು ಮಕ್ಕಳು ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿ ಕೆಲಸಗಾರರ ಸಾಲು ಮನೆಗಳಿಂದ ಬರುವವರು. ಅವರ ಮನೆಯಲ್ಲಿ ಮಾಪಕ ಇಲ್ಲ, ಇರುವ ಒಂದು ಮೊಬೈಲ್ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ತೋಟದ ಮನೆಯ ಮಕ್ಕಳು ಅಂಕಿ ತರುವುದು, ಲೈನ್ ಮನೆಯ ಮಕ್ಕಳು ಅದನ್ನು ಬರೆದುಕೊಳ್ಳುವುದು ಎಂದಾದರೆ ನಾನು ಈ ಪಾಠಕ್ಕೆ ಬರುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಸರಿಯಾಗಿಯೇ ಹೇಳಿದರು. ಹಾಗಾಗಿ ಬಾಟಲಿಯಿಂದ ಮಾಪಕ ಮಾಡಿ ಎಲ್ಲರಿಗಿಂತ ಮೊದಲು ಲೈನ್ ಮನೆಗಳಿಗೆ ಕೊಟ್ಟೆವು.

ಎರಡು ಲೀಟರ್ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಅದೇ ಬಾಟಲಿಯಲ್ಲಿ ಕೂರಿಸಿದರೆ ಆಲಿಕೆಯಾಗುತ್ತದೆ. ಬುಡ ಉಬ್ಬುತಗ್ಗಾಗಿರುವುದರಿಂದ ಕಲ್ಲು ಹಾಕಿ, ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿಸಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಹಾಕಿ. ಅಳೆದ ಮೇಲೆ ಪ್ರತಿ ಸಲ ಸೊನ್ನೆಯವರೆಗೆ ಮಾತ್ರ ನೀರು ಉಳಿಯಬೇಕು. ಮರದ ಕೆಳಗೆ, ಸೂರಿನ ಬಳಿ ಇಡಬಾರದು. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ಅಳೆಯಬೇಕು ಎಂದು ಹೊರಟೆವು, ಆದರೆ ಬಸ್ ಹಿಡಿಯುವ ಮಕ್ಕಳಿಗೆ ಅದು ಆಗದು. ಎಲ್ಲರೂ 7.30ಕ್ಕೆ ಎಂದು ನಿಗದಿ ಮಾಡಿ, ಆ ಒಂದು ಗಂಟೆಯ ವ್ಯತ್ಯಾಸ ಏನು ಮಾಡುತ್ತದೆ ಎಂಬುದನ್ನೇ ಒಂದು ಚರ್ಚೆಯಾಗಿಸಿದೆವು. ಒಂದೇ ದಿನ 200 ಮಿಲಿಮೀಟರ್ ದಾಟಿದರೆ ಈ ಬಾಟಲಿ ಉಕ್ಕಿ ಹರಿಯುತ್ತದೆ, ನಮ್ಮ ಕಡೆ ಅಂಥ ದಿನಗಳು ಬರುತ್ತವೆ. ಆದ್ದರಿಂದ ಸಂಜೆಯೂ ಒಮ್ಮೆ ಅಳೆದು ಕೂಡಿಸಬೇಕು. ಅಂಕಿಯನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು ತರುತ್ತಾರೆ, ಕಂಪ್ಯೂಟರಿಗೆ ಹಾಕುವುದು ಶಾಲೆಯಲ್ಲಿ. ಮನೆಯ ಮೊಬೈಲ್ ಮೇಲೆ ಯಾವ ಕೆಲಸವನ್ನೂ ಹೊರಿಸಬೇಡಿ.

ಇಬ್ಬರ ನಡುವೆ ಭಿನ್ನಾಭಿಪ್ರಾಯ ಬಂದೇ ಬರುತ್ತದೆ. ಅವರಿಗೆ ಊರ ಹಿರಿಯರ ವಿಡಿಯೊ ಬೇಕಿತ್ತು, ನನಗೆ ಅಷ್ಟು ಸಮಯವಿಲ್ಲ ಎನಿಸಿತು. ಎರಡು ದಿನ ಇಬ್ಬರೂ ಆ ಮಾತು ಎತ್ತಲಿಲ್ಲ. ಆಮೇಲೆ, ಕೊನೆಗೆ ಮಕ್ಕಳ ಕೈಯಲ್ಲಿ ಏನಿರಬೇಕು ಎಂಬ ಪ್ರಶ್ನೆಯಿಂದ ಮತ್ತೆ ಕುಳಿತೆವು. ಅವರಿಗೆ ಬೇಕಿದ್ದದ್ದು ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ) ಮಳೆಯ ಬಗ್ಗೆ ಅಜ್ಜಿಯಂದಿರ ಮಾತು, ಚಿತ್ರವಲ್ಲ. ಹಾಗಾದರೆ ಧ್ವನಿ ಸಾಕು. ಎರಡು ನಿಮಿಷದ ಧ್ವನಿ ಒಂದೆರಡು ಎಂಬಿಯಲ್ಲಿ ಮುಗಿಯುತ್ತದೆ, ಅಷ್ಟೇ ಹೊತ್ತಿನ ವಿಡಿಯೊ ಸುಲಭವಾಗಿ ನೂರು ಎಂಬಿ ದಾಟುತ್ತದೆ. ಶಾಲೆಯ ಕೆಲಸಕ್ಕೆಂದು ನಮ್ಮಿಬ್ಬರ ಮೊಬೈಲ್‌ಗಳನ್ನೇ ವಾರಾಂತ್ಯದಲ್ಲಿ ಸರದಿಯಂತೆ ಕೊಟ್ಟೆವು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ನುಡಿ, ಎಲ್ಲದರಲ್ಲೂ ಮಳೆ ಬಂದು ಬಿತ್ತು. ಕನ್ನಡದಲ್ಲಿ ನಾಲ್ಕು ಸಾಲಿನ ಸಾರಾಂಶ ಬರೆಯುವುದು ಮಕ್ಕಳ ಕೆಲಸ.

2018ರ ಆಗಸ್ಟ್ ವಿಷಯವನ್ನು ಮಾತ್ರ ಇಬ್ಬರೂ ಮೊದಲೇ ಮಾತನಾಡಿಕೊಳ್ಳಬೇಕು. ಜೋಡುಪಾಲ, ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜಾರಿದಾಗ ಈ ಮಕ್ಕಳು ಇನ್ನೂ ಚಿಕ್ಕವರು, ಆದರೆ ಮನೆ ಬಿಟ್ಟು ಬಂದ ಕುಟುಂಬದ ಮಗು ನಿಮ್ಮ ತರಗತಿಯಲ್ಲಿ ಇರಬಹುದು. ಒಂದು ಮಳೆ ಪುಸ್ತಕದಲ್ಲಿ ಆ ತಿಂಗಳ ನಡುವಿನಿಂದ ಹನ್ನೊಂದು ಸಾಲು ಖಾಲಿ ಇದ್ದವು. ಖಾಲಿ ಜಾಗಕ್ಕೆ ಸೊನ್ನೆ ಹಾಕಬಹುದೇ ಎಂದು ಒಬ್ಬ ಕೇಳಿದ. ಅಳೆಯದ ದಿನವೂ ಮಳೆಯಿಲ್ಲದ ದಿನವೂ ಒಂದಲ್ಲ ಎಂದು ನಾನು ಹೇಳಿದೆ, ಅಷ್ಟು ಗಣಿತ ನನ್ನದು. ಅಳೆಯುವವರು ಆ ದಿನಗಳಲ್ಲಿ ಎಲ್ಲಿದ್ದರು ಎಂಬುದನ್ನು ಅವರು ಮಾತನಾಡಿದರು. ನಾವು ಪುಸ್ತಕದಲ್ಲಿ ಬರೆದುಕೊಂಡ ನಿಯಮ: ಯಾರನ್ನೂ ಹೆಸರು ಹಿಡಿದು ಕೇಳುವುದಿಲ್ಲ, ಹೇಳಬೇಕೆನಿಸಿದವರು ಹೇಳಲಿ, ಭೂಕುಸಿತದ ಚಿತ್ರಗಳನ್ನು ಪರದೆಯ ಮೇಲೆ ಹಾಕುವುದಿಲ್ಲ.

ನಕ್ಷೆಯ ಭಾಗ ಸರಳ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮಕ್ಕಳು ತಮ್ಮ ಊರು ಹುಡುಕುತ್ತಾರೆ, ಐದು ತಾಲ್ಲೂಕುಗಳ ಗಡಿರೇಖೆಯ ಹಾಳೆಯಲ್ಲಿ ಗುರುತು ಹಾಕುತ್ತಾರೆ, ಹವಾಮಾನ ಇಲಾಖೆಯ ವರ್ಗಗಳಂತೆ ಬಣ್ಣ ತುಂಬುತ್ತಾರೆ: ದಿನಕ್ಕೆ 64.5 ಮಿಲಿಮೀಟರಿನಿಂದ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ಅತ್ಯಂತ ಭಾರಿ ಮಳೆ. ಯಾರ ಮನೆ ಎಲ್ಲಿದೆ ಎಂದು ತಿಳಿಯುವಂತೆ ಅಂತರ್ಜಾಲದಲ್ಲಿ ಗುರುತು ಹಾಕಬೇಡಿ, ಊರಿನ ಹೆಸರು ಸಾಕು.

ಘಟಕ ಮುಗಿದ ಮರುದಿನವೇ, ನೆನಪು ಹಸಿಯಾಗಿರುವಾಗ, ಇಬ್ಬರೂ ಉದ್ದ ಪುಸ್ತಕದ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ನಡೆದದ್ದಕ್ಕೆ ಹಸಿರು, ನಡೆಯದ್ದಕ್ಕೆ ಕೆಂಪು ಶಾಯಿ. ನಮ್ಮ ಕೊನೆಯ ಪುಟದಲ್ಲಿ ಈಗ ಕೆಂಪಿನಲ್ಲಿ ಅವರ ಅಕ್ಷರ ಇದೆ: "ಕಾಫಿ ಹೂವಿಗೆ ಬೇಕಾದ ಮಳೆಯನ್ನು ಬಿಟ್ಟೆವು. ಬಾಟಲಿಗಳನ್ನು ಜೂನ್‌ವರೆಗೆ ಕಾಯದೆ ಫೆಬ್ರವರಿ ಕೊನೆಗೇ ಇಡಬೇಕು." ಅದರ ಕೆಳಗೆ ನಾನು, ಎಂಟನೆಯ ತರಗತಿಯವರ ಕೈಗೆ ಕೊಡೋಣ, ಒಂಬತ್ತಕ್ಕೆ ಬರುವಾಗ ಅಂಕಿಯ ಜೊತೆಯೇ ಬರುತ್ತಾರೆ ಎಂದು ಬರೆದಿದ್ದೇನೆ. ಹದಿನಾಲ್ಕು ಬಾಟಲಿಗಳನ್ನು ತೊಳೆದು ಸಿಬ್ಬಂದಿ ಕೊಠಡಿಯ ಬೀರುವಿನ ಮೇಲೆ ಜೋಡಿಸಿದ್ದೇವೆ.