ಪ್ರಶ್ನೆ ಕೇಳುವವರಿಗೂ ಮೈಕು: ವೈರ್‌ಲೆಸ್ ಸೆಟ್ ಆರಿಸಿದ ನಮ್ಮ ಅನುಭವ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಹೊಸಬರಿಗೆ ತರಬೇತಿ, ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ ಗುಂಪಿಗೆ ವಿವರಣೆ, ಆಗಾಗ ಸಭಾಂಗಣದಲ್ಲಿ ರೈತರ ಜೊತೆ ಅರ್ಧ ದಿನದ ಮಾತುಕತೆ. ಈ ಮೂರಕ್ಕೂ ಮೈಕ್ ಸೆಟ್ ಆರಿಸುವಾಗ ನಾವು ಮೊದಲು ನೋಡಿದ್ದು ವಿವರಿಸುವವರ ಮೈಕನ್ನಲ್ಲ. ಹಿಂದಿನ ಸಾಲಿನಲ್ಲಿ ನಿಂತ ಒಬ್ಬರು ಪ್ರಶ್ನೆ ಕೇಳಿದರೆ ಅದು ಉಳಿದ 24 ಜನಕ್ಕೂ ಕೇಳಿಸುತ್ತದೆಯೇ ಎಂಬುದನ್ನು. ಪ್ರಶ್ನೆಯೇ ಕೇಳಿಸದಿದ್ದರೆ ಉತ್ತರದ ತಲೆಬುಡ ಅರ್ಧ ಜನಕ್ಕೆ ತಿಳಿಯುವುದಿಲ್ಲ, ಹತ್ತು ನಿಮಿಷದಲ್ಲಿ ಗುಂಪು ಚದುರುತ್ತದೆ.

ನಡೆದಾಡುವ ಗುಂಪಿಗೆ ಸ್ಪೀಕರ್ ಬೇಡ. ಕಲ್ಲಿನ ಮಂಟಪದೊಳಗೆ ಸದ್ದು ಗೋಡೆಗೆ ಬಡಿದು ತಿರುಗಿ ಬಂದು ಮಾತೆಲ್ಲ ಕಲಸಿಹೋಗುತ್ತದೆ, ಪೂಜೆಗೆ ಬಂದವರಿಗೂ ತೊಂದರೆ. ಅಲ್ಲಿಗೆ ಟೂರ್ ಗೈಡ್ ಸೆಟ್ಟೇ ಸರಿ: ವಿವರಿಸುವವರ ಬಳಿ ಮಾತನ್ನು ರೇಡಿಯೊ ಅಲೆಯಾಗಿ ಕಳಿಸುವ ಒಂದು ಟ್ರಾನ್ಸ್‌ಮಿಟರ್, ಪ್ರತಿಯೊಬ್ಬರ ಕಿವಿಗೆ ಅದನ್ನು ಹಿಡಿದು ಕೇಳಿಸುವ ಒಂದು ರಿಸೀವರ್. 25 ಜನಕ್ಕೆ ನಾವು 28 ರಿಸೀವರ್ ಒಯ್ಯುತ್ತೇವೆ. ಜೊತೆಗೆ ಪ್ರಶ್ನೆಗೆಂದು ಗುಂಡಿ ಒತ್ತಿ ಮಾತನಾಡುವ ಮೂರು ಕೈ ಟ್ರಾನ್ಸ್‌ಮಿಟರ್. ಒಂದು ಗುಂಪಿನ ಮುಂದೆ, ಒಂದು ನಡುವೆ, ಒಂದು ಕೊನೆಯಲ್ಲಿ ಬರುವ ನಮ್ಮವರ ಕೈಯಲ್ಲಿ. ಕೊಳ್ಳುವಾಗ ಅಂಗಡಿಯಲ್ಲೇ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ನೋಡಬೇಕು. ಹಳೆಯ ಎಫ್‌ಎಂ ಸೆಟ್ಟುಗಳಲ್ಲಿ ಇಬ್ಬರೂ ಒಂದೇ ಚಾನೆಲ್‌ನಲ್ಲಿದ್ದರೆ ಶಿಳ್ಳೆಯಂಥ ಸದ್ದು ಬರುತ್ತದೆ, ಇಲ್ಲವೇ ಹತ್ತಿರದವರ ಮಾತು ಮಾತ್ರ ಉಳಿಯುತ್ತದೆ. ಇಬ್ಬರು ಮೂವರು ಒಟ್ಟಿಗೆ ಮಾತನಾಡಿದರೂ ಬೆರೆಸಿ ಕೊಡುವ ಡಿಜಿಟಲ್ ಸೆಟ್ಟಿಗೆ ಬೆಲೆ ಹೆಚ್ಚು. ಆ ಹೆಚ್ಚಿನ ಹಣ ಸಾರ್ಥಕ ಎಂದೇ ನಮ್ಮ ಅಭಿಪ್ರಾಯ.

ಗುಂಡಿ ಒತ್ತುವುದನ್ನೂ ಕಲಿಸಬೇಕಾಗುತ್ತದೆ. ಒತ್ತಿದ ತಕ್ಷಣ ಬಾಯಿ ತೆರೆದರೆ ಮೊದಲ ಅಕ್ಷರ ನುಂಗಿಹೋಗಿ ‘ಗೂಡು ಎಷ್ಟು ಹೊತ್ತು ಬೇಯಿಸಬೇಕು’ ಎಂಬುದು ‘ಡು ಎಷ್ಟು ಹೊತ್ತು’ ಎಂದಾಗುತ್ತದೆ. ಒತ್ತಿ, ಮನಸ್ಸಿನಲ್ಲಿ ಒಂದು ಎಣಿಸಿ, ಆಮೇಲೆ ಮಾತು. ಎರಡು ಸಲ ಮಾಡಿಸಿದರೆ ಎಲ್ಲರಿಗೂ ಬರುತ್ತದೆ.

ಬ್ಲೂಟೂತ್ ಮೈಕ್ ಅಗ್ಗ ಎಂದು ತರುವವರಿದ್ದಾರೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಮಾತು 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಮುಂದೆ ನಿಂತವರಿಗೆ ಬಾಯಿಂದ ಒಮ್ಮೆ, ಕಿವಿಯಲ್ಲಿ ಇನ್ನೊಮ್ಮೆ ಕೇಳಿಸಿ ತಲೆ ಕೆಡುತ್ತದೆ. 20 ಮಿಲಿಸೆಕೆಂಡ್‌ಗಿಂತ ಕಡಿಮೆ ಇದ್ದರೆ ಗಮನಕ್ಕೆ ಬರುವುದಿಲ್ಲ.

ಸೆಟ್ಟು ಬಳಸುವ ರೇಡಿಯೊ ಆವರ್ತನದ ವಿಷಯದಲ್ಲಿ ಆತುರ ಬೇಡ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದವುಗಳಲ್ಲಿ ಇಂಥ ಸೆಟ್ಟುಗಳಿಗೆ ಮುಖ್ಯವಾದವು 865–868 ಮೆಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್ ಪಟ್ಟಿಗಳು (ಬ್ಯಾಂಡ್), ಅವೂ ನಿಗದಿಯಾದ ಶಕ್ತಿಯ ಮಿತಿಯೊಳಗೆ. ಯೂರೋಪಿಗೆ ಮಾಡಿದ ಸೆಟ್ಟುಗಳು 863–865ರಲ್ಲಿರುತ್ತವೆ, ಅಮೆರಿಕಕ್ಕೆ ಮಾಡಿದವು ಎಷ್ಟೋ ಸಲ 902–928ರಲ್ಲಿ. ಎರಡನೆಯದು ಇಲ್ಲಿನ 900 ಮೆಗಾಹರ್ಟ್ಸ್ ಮೊಬೈಲ್ ಪಟ್ಟಿಯ ಮೇಲೇ ಕೂರುತ್ತದೆ. ಜನರ ಜೇಬಿನಲ್ಲಿರುವ ಫೋನುಗಳೇ ಮೈಕಿಗೆ ಅಡ್ಡ ಬರುತ್ತವೆ, ಮೈಕು ಮೊಬೈಲ್ ಜಾಲಕ್ಕೆ ಅಡ್ಡ ಹೋಗುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಡಬ್ಬದ ಮೇಲಿನ ಬಣ್ಣ ನೋಡದೆ ಈ ಸಂಖ್ಯೆ ನೋಡಲಿ. ಭಾರತದ ಇಟಿಎ (ರೇಡಿಯೊ ಉಪಕರಣದ ಮಾದರಿಗೆ ಸರ್ಕಾರ ಕೊಡುವ) ಅನುಮೋದನೆ ಇದೆಯೇ ಎಂದೂ ಕೇಳಲಿ.

2.4 ಗಿಗಾಹರ್ಟ್ಸ್‌ನ ತೊಂದರೆ ಬೇರೆ. ಮನುಷ್ಯನ ಮೈಯಲ್ಲಿರುವ ನೀರು ಆ ಅಲೆಯನ್ನು ಹೀರಿಕೊಳ್ಳುತ್ತದೆ. ಟ್ರಾನ್ಸ್‌ಮಿಟರ್ ಸೊಂಟದ ಹಿಂದೆ, ಕೇಳುವವರು ಮುಂದೆ ಎಂದಾದರೆ ನಡುವೆ ಮೈಯೇ ಗೋಡೆ. ಡಬ್ಬದ ಮೇಲೆ 100 ಮೀಟರ್ ಎಂದಿದ್ದರೆ ಗುಂಪಿನ ನಡುವೆ 30 ಎಂದು ಲೆಕ್ಕ ಹಾಕಿಕೊಳ್ಳುತ್ತೇವೆ. ಭೋಗನಂದೀಶ್ವರದಲ್ಲಿ ಮುಂದಿನವರು ಕಲ್ಯಾಣಿಯ ಕಡೆ ತಿರುಗಿ ಹಿಂದಿನವರು ಇನ್ನೂ ಕಲ್ಯಾಣ ಮಂಟಪದ ಕಂಬ ನೋಡುತ್ತಿದ್ದರೆ ಅಷ್ಟೂ ಸಿಗುವುದಿಲ್ಲ. ಹಿಂದಿನ ದಿನ ಇಬ್ಬರು ಹೋಗಿ ಪರೀಕ್ಷೆ ಮಾಡುತ್ತೇವೆ. ಒಬ್ಬರು ದಾರಿಯುದ್ದಕ್ಕೂ ಒಂದರಿಂದ ಇಪ್ಪತ್ತು ಎಣಿಸುತ್ತಾ ನಡೆಯುವುದು, ಇನ್ನೊಬ್ಬರು ಹಿಂದಿನಿಂದ ಕೇಳುತ್ತಾ ಯಾವ ಸಂಖ್ಯೆ ಬಿಟ್ಟುಹೋಯಿತೆಂದು ಬರೆದುಕೊಳ್ಳುವುದು. ಹನ್ನೊಂದು, ಹನ್ನೆರಡು ಕೇಳಿಸಲಿಲ್ಲವೆಂದರೆ ಆ ತಿರುವಿನಲ್ಲಿ ಗುಂಪು ಸೇರುವ ತನಕ ಬಾಯಿ ತೆರೆಯುವುದಿಲ್ಲ. ‘ಹಲೋ, ಚೆಕ್’ ಎಂದು ಒಂದೇ ಮಾತು ಹೇಳುತ್ತಾ ಹೋದರೆ ಎಲ್ಲಿ ಕಡಿಯಿತೆಂದು ತಿಳಿಯುವುದಿಲ್ಲ.

ನೂಲು ಬಿಚ್ಚಾಣಿಕೆ ಘಟಕದೊಳಗೆ ಸದ್ದೂ ಇದೆ, ಹಬೆಯೂ ಇದೆ. ಕೈಯಳತೆಯ ದೂರದಲ್ಲಿರುವವರ ಜೊತೆ ದನಿ ಎತ್ತಿ ಮಾತನಾಡಬೇಕಾಗಿದೆ ಎಂದರೆ ಸದ್ದು ಸುಮಾರು 85 ಡೆಸಿಬೆಲ್ ಮುಟ್ಟಿದೆ ಎಂದರ್ಥ. ಅಲ್ಲಿ ರಿಸೀವರ್ ವಾಲ್ಯೂಮ್ ಏರಿಸುತ್ತಾ ಹೋದರೆ ಕಿವಿಗೇ ಪೆಟ್ಟು. ಹಾಗಾಗಿ ಹೊರಗೆ ಹತ್ತು ನಿಮಿಷ ಎಲ್ಲ ವಿವರಿಸಿ, ಒಳಗೆ ‘ಈಗ ನೋಡುತ್ತಿರುವುದು ಎಳೆ ಹಿಡಿಯುವ ಕೆಲಸ’ ಎಂಬಷ್ಟು ಚುಟುಕು ಮಾತು ಮಾತ್ರ. ಇಯರ್‌ಫೋನ್ ಒಂದೇ ಕಿವಿಗೆ; ಯಂತ್ರದ ಬಳಿ ಯಾರಾದರೂ ಕೂಗಿದರೆ ಇನ್ನೊಂದು ಕಿವಿಗೆ ಕೇಳಬೇಕು. ಕೊರಳಿಗೆ ಹಾಕಿದ ದಾರ ಮಾತ್ರ ಬಲು ಅಪಾಯ: ಬಗ್ಗಿ ನೋಡುವಾಗ ಕುದಿನೀರಿನ ಬೇಸಿನ್ ಮೇಲೆ, ತಿರುಗುವ ರೀಲಿನ ಪಕ್ಕ ಜೋತಾಡುತ್ತದೆ. ಎಳೆದರೆ ಬಿಟ್ಟುಕೊಳ್ಳುವ ಕೊಂಡಿಯ ದಾರವನ್ನೇ ಕೊಂಡು, ಒಳಗೆ ಹೋಗುವ ಮುನ್ನ ಬಟ್ಟೆಯೊಳಗೆ ಸೇರಿಸಿಕೊಳ್ಳಲು ಹೇಳುತ್ತೇವೆ.

ವಿವರಿಸುವವರಿಗೆ ಕಾಲರ್ ಮೈಕ್‌ಗಿಂತ ಹೆಡ್‌ಸೆಟ್ ಮೈಕ್ ವಾಸಿ. ಬಾಯಿಂದ ಮೈಕಿನ ದೂರ ದುಪ್ಪಟ್ಟಾದಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕಾಲರ್ ಮೈಕ್ 24 ಸೆಂಟಿಮೀಟರ್ ದೂರದಲ್ಲಿದ್ದರೆ, ತುಟಿಯ ಮಗ್ಗುಲಲ್ಲಿ 3 ಸೆಂಟಿಮೀಟರ್‌ನಲ್ಲಿ ಕೂರುವ ಹೆಡ್‌ಸೆಟ್‌ಗೆ 18 ಡೆಸಿಬೆಲ್ ಲಾಭ. ಸೀರೆ ಉಟ್ಟವರಿಗಂತೂ ಕಾಲರ್ ಮೈಕ್ ಸಿಕ್ಕಿಸಲು ಸರಿಯಾದ ಜಾಗವಿಲ್ಲ. ಸೆರಗಿನ ಸರಬರ, ತಾಳಿ ಸರದ ಟಣ್ ಟಣ್ ಎರಡೂ ಎಲ್ಲರ ಕಿವಿಗೆ ಹೋಗುತ್ತವೆ. ಟ್ರಾನ್ಸ್‌ಮಿಟರ್‌ಗೆ ಸೊಂಟಪಟ್ಟಿ ಇರುವ ಸಣ್ಣ ಬಟ್ಟೆಚೀಲ ಹೊಲಿಸಿದ್ದೇವೆ. ಆಂಟೆನಾ ಬೆವರಿದ ಮೈಗೆ ತಾಗಿದರೆ ದೂರ ಕುಗ್ಗುತ್ತದೆ ಎಂದು ಒಳಗಡೆ ದಪ್ಪ ರಟ್ಟು.

ನಮ್ಮ ಭಾಗದಲ್ಲಿ ಕನ್ನಡಕ್ಕಿಂತ ತೆಲುಗಿನಲ್ಲಿ ಸಲೀಸಾಗಿ ಮಾತನಾಡುವವರು ಬಹಳ. ಸೆಟ್ಟಿನ ಎರಡನೇ ಚಾನೆಲ್‌ನಲ್ಲಿ ತೆಲುಗು ಕೊಡುತ್ತೇವೆ. ರಿಸೀವರ್‌ಗೆ ಹಳದಿ ಟೇಪ್ ಇದ್ದರೆ ಕನ್ನಡ, ಕೆಂಪು ಇದ್ದರೆ ತೆಲುಗು. ಚಾನೆಲ್ ಗುಂಡಿಯನ್ನು ಮೊದಲೇ ಲಾಕ್ ಮಾಡಿರುತ್ತೇವೆ. ತೆಲುಗಿನಲ್ಲಿ ಪ್ರಶ್ನೆ ಬಂದರೆ ಅನುವಾದ ಮಾಡುವವರು ಚಾನೆಲ್ ಬದಲಿಸಿ ಕನ್ನಡದವರಿಗೆ ಹೇಳಬೇಕು. ಆದ್ದರಿಂದ ಅವರ ಟ್ರಾನ್ಸ್‌ಮಿಟರ್‌ನಲ್ಲಿ ಚಾನೆಲ್ ಬದಲಾವಣೆ ಒಂದೇ ಒತ್ತಿಗೆ ಆಗುವಂಥದ್ದಿರಬೇಕು. ಮೆನುವಿನೊಳಗೆ ಹುಡುಕುವಂತಿದ್ದರೆ ಪ್ರಶ್ನೆ ಕೇಳಿದವರು ‘ಹೋಗಲಿ ಬಿಡಿ’ ಎಂದುಬಿಡುತ್ತಾರೆ.

ಸಭಾಂಗಣಕ್ಕೆ ಸ್ಪೀಕರ್ ಮತ್ತು ಹ್ಯಾಂಡ್ ಮೈಕ್. ತೆರೆದ ಮೈಕುಗಳ ಸಂಖ್ಯೆ ದುಪ್ಪಟ್ಟಾದಾಗೆಲ್ಲ, ಕುಂಯ್ ಎನ್ನದೆ ಏರಿಸಬಹುದಾದ ಸದ್ದು 3 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಮೈಕ್ ತೆರೆದಿಟ್ಟರೆ 6 ಡೆಸಿಬೆಲ್ ಕೈಬಿಟ್ಟಂತೆ. ಹಾಗಾಗಿ ಪ್ರಶ್ನೆಯ ಮೈಕುಗಳನ್ನು ಮಿಕ್ಸರ್‌ನಲ್ಲಿ (ಎಲ್ಲ ಮೈಕುಗಳ ಸದ್ದು ಬೆರೆಸುವ ಪೆಟ್ಟಿಗೆ) ಮುಚ್ಚಿಟ್ಟು, ಕೈ ಎತ್ತಿದವರದನ್ನಷ್ಟೇ ತೆರೆಯುವುದು. ಜನ ಮೈಕನ್ನು ಎರಡು ರೀತಿ ತಪ್ಪಾಗಿ ಹಿಡಿಯುತ್ತಾರೆ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿದು ಕುಂಯ್ ಎನ್ನುತ್ತದೆ. ತೀರಾ ಬುಡ ಹಿಡಿದರೆ ಅಲ್ಲೇ ಇರುವ ಆಂಟೆನಾ ಮುಚ್ಚಿ ಮಾತು ಕಡಿಯುತ್ತದೆ. ಹಿಡಿಯ ನಡುವೆ ಬಣ್ಣದ ಟೇಪ್ ಸುತ್ತಿ ‘ಇಲ್ಲಿ ಹಿಡಿಯಿರಿ’ ಎಂದಿದ್ದೇವೆ.

ಎರಡಕ್ಕಿಂತ ಹೆಚ್ಚು ಯುಎಚ್‌ಎಫ್ (ಇಲ್ಲಿ 865–868 ಮೆಗಾಹರ್ಟ್ಸ್ ಪಟ್ಟಿಯ) ಮೈಕ್ ಇದ್ದರೆ ಚಾನೆಲ್‌ಗಳನ್ನು ಸಮ ಅಂತರದಲ್ಲಿ ಇಡಬಾರದು. 866.0 ಮತ್ತು 866.4ರಲ್ಲಿ ಎರಡು ಮೈಕ್ ಹತ್ತಿರ ಬಂದರೆ ಅವೆರಡೂ ಬೆರೆತು 865.6 ಮತ್ತು 866.8ರಲ್ಲಿ ಹುಸಿ ಸಂಕೇತ ಹುಟ್ಟುತ್ತದೆ. ಮೂರನೆಯದನ್ನು 866.8ರಲ್ಲಿ ಇಟ್ಟಿದ್ದರೆ ಅದು ಗೊರಗೊರ ಎನ್ನುತ್ತದೆ, 867.1ಕ್ಕೆ ಸರಿಸಿದರೆ ಸರಿಹೋಗುತ್ತದೆ. ಮೈಕೇ ಕೆಟ್ಟಿದೆ ಎಂದು ರಿಪೇರಿಗೆ ಕೊಡುವವರು ಮೊದಲು ಇದನ್ನು ನೋಡಲಿ. ಹ್ಯಾಂಡ್ ಮೈಕುಗಳ ಸಂಕೇತ ಹಿಡಿದು ಮಿಕ್ಸರ್‌ಗೆ ಕೊಡುವ ರಿಸೀವರ್ ಅನ್ನು ಕೂತವರ ತಲೆಗಿಂತ ಎತ್ತರದಲ್ಲಿ, ಕಬ್ಬಿಣದ ಬೀರುವಿನಿಂದ ದೂರ ಇಡಬೇಕು. ಕೀಪ್ಯಾಡ್ ಫೋನ್ ಮಿಕ್ಸರ್ ಪಕ್ಕದಲ್ಲಿದ್ದರೆ ಕರೆ ಬರುವ ಮುನ್ನ ಟಿಕಿಟಿಕಿ ಸದ್ದು ಬರುತ್ತದೆ. ಅದು 2ಜಿ ಫೋನಿನದು, ಮೈಕಿನ ದೋಷವಲ್ಲ.

ಹ್ಯಾಂಡ್ ಮೈಕ್‌ಗೆ ಚಾರ್ಜ್ ಆಗುವ ಡಬಲ್ ಎ ಸೆಲ್ ಹಾಕುತ್ತೇವೆ. ಅವು 1.2 ವೋಲ್ಟ್, ಸಾಮಾನ್ಯ ಸೆಲ್ 1.5, ಆದ್ದರಿಂದ ಸೂಚಕ ಶುರುವಿನಲ್ಲೇ ಒಂದು ಗೆರೆ ಕಡಿಮೆ ತೋರಿಸಿದರೆ ಗಾಬರಿಯಿಲ್ಲ. ಆದರೆ ಕೊನೆಯಲ್ಲಿ ಅವು ಸೂಚನೆಯಿಲ್ಲದೆ ದಿಢೀರನೆ ಬೀಳುತ್ತವೆ. ಊಟದ ವಿರಾಮದಲ್ಲಿ, ಗೆರೆ ಎಷ್ಟೇ ಇರಲಿ, ಎಲ್ಲ ಮೈಕಿನ ಸೆಲ್ ಬದಲಿಸುತ್ತೇವೆ. ಆ ಹೊತ್ತಿನಲ್ಲೇ ಟೂರ್ ಗೈಡ್ ಸೆಟ್ಟಿನ ರಿಸೀವರ್‌ಗಳಲ್ಲಿ ಕಿವಿಗೆ ತಾಗುವ ಭಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಸ್ಪಂಜ್ ಟೊಪ್ಪಿ ಬದಲಿಸಿ, ಸಂಖ್ಯೆಯ ಪ್ರಕಾರ ಪೆಟ್ಟಿಗೆಗೆ ಜೋಡಿಸುವುದು. 28 ಗುಳಿಗಳಲ್ಲಿ ಯಾವುದು ಖಾಲಿ ಉಳಿಯಿತೋ ಆ ಸಂಖ್ಯೆಯ ರಿಸೀವರ್ ಇನ್ನೂ ಯಾರದೋ ಜೇಬಿನಲ್ಲಿದೆ, ಬಸ್ ಹೊರಡುವ ಮುನ್ನ ಕೇಳಬೇಕು.