ಮರಳಿ ಬಾರದವರ ಪಟ್ಟಿ

ಬೆಂಗಳೂರಿನ ಮೈಸೂರು ರಸ್ತೆಯ ಆಸುಪಾಸಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಹೊರರೋಗಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಪೌರಕಾರ್ಮಿಕರು, ಮಾರುಕಟ್ಟೆಯ ಹಮಾಲರು, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿರುವವರು ನಮ್ಮಲ್ಲಿಗೆ ಬರುತ್ತಾರೆ. ಅದೇ ಸಾಲಿನಲ್ಲಿ ಅಪಾರ್ಟ್‌ಮೆಂಟಿನ ನಿವೃತ್ತ ಅಧಿಕಾರಿಗಳೂ ನಿಲ್ಲುತ್ತಾರೆ. ಎಲ್ಲರಿಗೂ ಒಂದೇ ಶುಲ್ಕ, ಅದೇ ಡಾಕ್ಟರು, ಅದೇ ಮಾತ್ರೆ ಇರುವಾಗ ನಮ್ಮಲ್ಲಿ ಭೇದಭಾವ ಎಲ್ಲಿಂದ ಬರಬೇಕು ಎಂದೇ ನಾನು ನಂಬಿಕೊಂಡಿದ್ದೆ.

ಆ ನಂಬಿಕೆ ಕದಲಿದ್ದು ಒಬ್ಬ ಪೌರಕಾರ್ಮಿಕ ಮಹಿಳೆಯ ಕೇಸ್ ಶೀಟಿನಿಂದ. ಪಾದದ ಹುಣ್ಣು ಮೂಳೆಗೆ ಇಳಿದ ಮೇಲೆ ಅವರು ಬಂದಿದ್ದರು. ಹಳೆಯ ಹಾಳೆಗಳನ್ನು ತಿರುವಿದರೆ ಮೂರು ಕಡೆ, ನನ್ನದೇ ಕೈಬರಹದಲ್ಲಿ, ‘ಹೇಳಿದ ಪರೀಕ್ಷೆ ಮಾಡಿಸಿಲ್ಲ, ಚಿಕಿತ್ಸೆಗೆ ಸಹಕರಿಸುತ್ತಿಲ್ಲ’ ಎಂದಿತ್ತು. ಯಾಕೆ ಮಾಡಿಸಲಿಲ್ಲ ಎಂದು ಅಂದು ಮೊದಲ ಬಾರಿಗೆ ಕೇಳಿದೆ. ‘ಆರೂವರೆಗೆ ಹಾಜರಿ ಹಾಕ್ಬೇಕು ಸಾರ್. ಬೀದಿ ಗುಡಿಸಿ ಬರೋಷ್ಟ್ರಲ್ಲಿ ಹನ್ನೊಂದಾಯ್ತದೆ. ಖಾಲಿ ಹೊಟ್ಟೇಲೇ ಬಂದಿದ್ದೆ. ಲ್ಯಾಬ್‌ನೋರು ಒಂಬತ್ತಕ್ಕೇ ಮುಗೀತು, ನಾಳೆ ಬಾ ಅಂದ್ರು. ನಾಳೇನೂ ಆರೂವರೆಗೇ ಹಾಜರಿ ಅಲ್ವಾ?’ ಎಂದರು. ಅವರ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ಆ ಶಸ್ತ್ರಚಿಕಿತ್ಸೆಗೆ ಅವರ ಕೈಯಿಂದ ಹಣ ಹೋಗಲಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಆದರೆ ಅಂಥ ವಿಮೆ ಮುಖ್ಯವಾಗಿ ಒಳರೋಗಿಗಳಿಗಾಗಿ ರೂಪಿಸಿದ್ದು. ಬೆರಳು ಕತ್ತರಿಸಲು ಅದರಲ್ಲಿ ಪ್ಯಾಕೇಜ್ ಇದೆ, ಬೆರಳು ಉಳಿಸಬಹುದಾಗಿದ್ದ ರಕ್ತಪರೀಕ್ಷೆಗೂ, ಪಾದಕ್ಕೆ ಹುಣ್ಣಾಗದಂತೆ ಕಾಯುವ ಮೆತ್ತನೆಯ ಎಂಸಿಆರ್ ಚಪ್ಪಲಿಗೂ ಇಲ್ಲ. ಆ ಭಾಗ ಆಸ್ಪತ್ರೆಯ ಪಾಲಿಗೆ ಉಳಿಯುತ್ತದೆ, ಅಂದರೆ ನಮ್ಮ ಪಾಲಿಗೆ.

ಅಮೆರಿಕದಲ್ಲಿ ಇದೇ ಪ್ರಶ್ನೆ ವರ್ಣಭೇದದ ರೂಪದಲ್ಲಿ ಎದ್ದಿತ್ತು. ವಿಮೆ, ಆದಾಯ ಸಮಾನವಾಗಿದ್ದಾಗಲೂ ಕಪ್ಪು ಜನರಿಗೆ ಮತ್ತು ಇತರ ಅಲ್ಪಸಂಖ್ಯಾತರಿಗೆ ದೊರೆಯುವ ಚಿಕಿತ್ಸೆ ಕಳಪೆಯಾಗಿರುತ್ತದೆ ಎಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ 2003ರಲ್ಲಿ ತೋರಿಸಿತು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್, 2023ರ ಜನವರಿಯಿಂದ, ಪ್ರತಿ ಆಸ್ಪತ್ರೆಯೂ ಈ ಅಂತರ ತಗ್ಗಿಸುವ ಹೊಣೆಯನ್ನು ನಿರ್ದಿಷ್ಟವಾಗಿ ಒಬ್ಬರಿಗೆ ವಹಿಸಬೇಕು, ತನ್ನ ಗುಣಮಟ್ಟದ ಅಂಕಿಅಂಶಗಳನ್ನು ರೋಗಿಗಳ ಸಾಮಾಜಿಕ ಹಿನ್ನೆಲೆಗೆ ಅನುಗುಣವಾಗಿ ವಿಂಗಡಿಸಿ ನೋಡಬೇಕು ಎಂಬ ನಿಯಮ ತಂದಿತು. ವಿಂಗಡಿಸಿ ನೋಡುವುದು ನಮ್ಮಿಂದಲೂ ಆಗುವ ಕೆಲಸ ಅನ್ನಿಸಿತು. ಅಲ್ಲಿಯವರೆಗೆ ಬಂದವರನ್ನು ಎಣಿಸುತ್ತಿದ್ದ ನಾವು, ಬರಬೇಕಾಗಿದ್ದು ಬಾರದವರ ಪಟ್ಟಿಯನ್ನು ಒಂದು ಉದ್ದ ರಿಜಿಸ್ಟರಿನಲ್ಲಿ ಬರೆಯತೊಡಗಿದೆವು.

ವಿಂಗಡಿಸಬೇಕಾದರೆ ಕೇಳಬೇಕು. ಏನು ಕೇಳಬೇಕೆಂಬುದೇ ಕಷ್ಟವಾಯಿತು. ಚೀಟಿ ಮಾಡಿಸುವ ಕೌಂಟರಿನಲ್ಲಿ, ಹತ್ತು ಜನರ ಎದುರು, ಜಾತಿ ಕೇಳುವುದು ಹೊಸ ಅವಮಾನವಾಗುತ್ತದೆ ಎಂದು ನಮ್ಮ ಸಮಾಜ ಕಾರ್ಯಕರ್ತೆ ಹಟ ಹಿಡಿದರು. ಕೇಳದಿದ್ದರೆ ಜಾತಿಯಿಂದಾಗುವ ಅನ್ಯಾಯ ಲೆಕ್ಕಕ್ಕೇ ಸಿಗುವುದಿಲ್ಲ ಎಂಬುದು ನನ್ನ ವಾದವಾಗಿತ್ತು. ಕೊನೆಗೆ ಮಾಡುವ ಕೆಲಸ, ಮನೆಮಾತು, ರೇಷನ್ ಕಾರ್ಡ್ ಇರುವ ಊರು, ಇವಷ್ಟನ್ನೇ ಕೇಳುವುದೆಂದು ತೀರ್ಮಾನಿಸಿದೆವು. ಈ ನಗರದಲ್ಲಿ ಬೀದಿ ಗುಡಿಸುವವರು ಯಾವ ಸಮುದಾಯಗಳಿಂದ ಬಂದವರು ಎಂಬುದು ಗೊತ್ತಿಲ್ಲದ್ದೇನಲ್ಲ. ಅಷ್ಟರಮಟ್ಟಿಗೆ ಕೆಲಸದ ಹೆಸರೇ ಉಳಿದದ್ದನ್ನು ಹೇಳುತ್ತದೆ. ಆದರೂ ಆ ಚರ್ಚೆ ಮುಗಿದಿದೆ ಎಂದು ನಾನು ಹೇಳಲಾರೆ.

ಮೂರು ತಿಂಗಳ ಪಟ್ಟಿಯನ್ನು ಮುಂದಿಟ್ಟುಕೊಂಡಾಗ ಅದರಲ್ಲಿ ನಿವೃತ್ತ ಅಧಿಕಾರಿಗಳು ಹುಡುಕಿದರೂ ಸಿಗಲಿಲ್ಲ. ಬೆಳಗಿನ ಪಾಳಿಯವರು, ದಿನಗೂಲಿಯವರು, ಕನ್ನಡ ಬಾರದವರು, ಶೆಡ್ಡಿನವರು ತುಂಬಿದ್ದರು.

ಮೊದಲು ಬದಲಿಸಿದ್ದು ರಕ್ತಪರೀಕ್ಷೆಯ ಕ್ರಮವನ್ನು. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾದ ಎರಡು ಗಂಟೆಯ ಮೇಲೆ ಇನ್ನೊಮ್ಮೆ ರಕ್ತ ಕೊಡುವುದೆಂದರೆ ಅರ್ಧ ದಿನದ ಕೂಲಿ ಹೋದಂತೆಯೇ. ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಕಿಲ್ಲ, ಯಾವ ಹೊತ್ತಿಗೆ ಬಂದರೂ ಆಗುತ್ತದೆ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಅಂದಾಜು ಕೊಡುತ್ತದೆ. ದುಬಾರಿ ಎಂಬ ಆಕ್ಷೇಪವನ್ನು, ಮಾಡಿಸದೆ ಹೋದ ಅಗ್ಗದ ಪರೀಕ್ಷೆಗಳ ಲೆಕ್ಕ ತೋರಿಸಿ ಆಡಳಿತ ಮಂಡಳಿಗೆ ಒಪ್ಪಿಸಿದೆ. ರಕ್ತಹೀನತೆ ಇದ್ದವರಲ್ಲಿ ಇದರ ಫಲಿತಾಂಶ ದಾರಿ ತಪ್ಪಿಸಬಹುದು, ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯನ್ನು ನಾವು ದಿನವೂ ಕಾಣುತ್ತೇವೆ. ಆದ್ದರಿಂದ ಜೊತೆಗೇ ಹಿಮೋಗ್ಲೋಬಿನ್ ನೋಡುವುದನ್ನೂ ಸೇರಿಸಿದೆವು. ಭಾನುವಾರದ ಒಪಿಡಿ ಆಮೇಲೆ ಬಂತು, ಅದಕ್ಕೆ ಸಿಬ್ಬಂದಿಯ ವಾರದ ರಜೆಯನ್ನು ಹೊಂದಿಸುವುದೇ ದೊಡ್ಡ ಕೆಲಸವಾಯಿತು.

ಮಾತಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ನಮ್ಮ ಭಾಷೆಯಲ್ಲಿ ಒಂದೇ ಕ್ರಿಯಾಪದ ಮನುಷ್ಯನನ್ನು ಅಳೆದುಬಿಡುತ್ತದೆ. ಒಂದು ಮಧ್ಯಾಹ್ನ ಕರ್ಟನ್ನಿನ ಆಚೆ ನರ್ಸ್ ‘ಕೂತ್ಕೊಳ್ಳಿ ಸಾರ್’ ಎಂದದ್ದೂ, ಮುಂದಿನವರಿಗೆ ‘ಏ, ಅಲ್ಲಿ ಕೂತ್ಕೋ, ಕರೀತೀನಿ’ ಎಂದದ್ದೂ ಕೇಳಿಸಿತು; ಎರಡನೆಯವರು ಮೊದಲನೆಯವರಿಗಿಂತ ಹಿರಿಯರಾಗಿದ್ದರು. ಆಮೇಲೆ ನನ್ನ ಮಾತನ್ನೇ ಗಮನಿಸಿಕೊಂಡರೆ, ಕಾಲರ್ ಹರಿದ ಅಂಗಿ ಕಂಡ ಕೂಡಲೇ ನಾನೂ ಏಕವಚನಕ್ಕೆ ಇಳಿಯುತ್ತಿದ್ದೆ. ಹೀಗೆ ಕರೆಸಿಕೊಂಡವರು ಮಾತ್ರೆಯಿಂದ ತಲೆ ಸುತ್ತುತ್ತದೆ ಎಂದು ಹೇಳುವುದಿಲ್ಲ, ಸುಮ್ಮನೆ ಮಾತ್ರೆ ಬಿಡುತ್ತಾರೆ. ಸುತ್ತೋಲೆ ಹೊರಡಿಸಿದರೆ ಗೋಡೆಯ ಮೇಲೆ ಉಳಿಯುತ್ತಿತ್ತು. ಅದರ ಬದಲು ಗೇಟಿನ ಸೆಕ್ಯೂರಿಟಿಯಿಂದ ನನ್ನವರೆಗೆ ಎಲ್ಲರೂ ಬಹುವಚನವನ್ನೇ ಬಳಸುವುದು, ತಪ್ಪಿದಾಗ ಯಾರು ಬೇಕಾದರೂ ಯಾರನ್ನು ಬೇಕಾದರೂ ತಿದ್ದುವುದು ಎಂದು ಮಾಡಿಕೊಂಡೆವು. ಆಯಾ ಒಬ್ಬರು ನನ್ನನ್ನು ಎರಡು ಸಲ ತಿದ್ದಿದ್ದಾರೆ.

ಇನ್ಸುಲಿನ್‌ನದು ಬೇರೆಯೇ ಪಾಠ. ‘ಫ್ರಿಜ್‌ನಲ್ಲಿಡಿ’ ಎಂದು ಬರೆದುಕೊಡುತ್ತಿದ್ದ ನಾವು ಫ್ರಿಜ್ ಇದೆಯೇ ಎಂದು ಕೇಳುತ್ತಿರಲಿಲ್ಲ. ಒದ್ದೆ ಮರಳು ತುಂಬಿದ ಅಗಲ ಮಡಕೆಯೊಳಗೆ ಸಣ್ಣ ಕುಡಿಕೆ ಇಟ್ಟು, ಸೀಸೆಗೆ ನೀರು ತಾಗದಂತೆ ಅದರಲ್ಲಿಟ್ಟು, ನೆರಳಲ್ಲಿ ಇಡುವುದನ್ನು ಈಗ ಒಪಿಡಿಯಲ್ಲಿಯೇ ತೋರಿಸುತ್ತೇವೆ. ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜ್ ಎಂಬುದನ್ನು ಬಣ್ಣದಿಂದಲೇ ಕಲಿಸುತ್ತೇವೆ, ಏಕೆಂದರೆ ಮಿಲಿಲೀಟರಿಗೆ 100 ಯೂನಿಟ್ಟಿನ ಲೆಕ್ಕದಲ್ಲಿ ಗೆರೆ ಹಾಕಿದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಅದನ್ನು 20ರ ಗೆರೆಯವರೆಗೆ ಎಳೆದುಕೊಂಡವರಿಗೆ ಸೇರುವುದು ಎಂಟೇ ಯೂನಿಟ್.

ಸೋತದ್ದೂ ಉಂಟು. ನೆನಪಿಸಲು ಕಳುಹಿಸಿದ ಎಸ್ಸೆಮ್ಮೆಸ್ಸುಗಳು ಹೆಂಗಸರ ಬದಲು ಗಂಡನ, ಮಗನ ಫೋನಿಗೆ ಹೋಗಿ ಬಿದ್ದವು. ಅಲ್ಲಿಂದ ಮುಂದಕ್ಕೆ ತಲುಪಲಿಲ್ಲ. ಶೆಡ್ಡಿನವರಂತೂ ಕಟ್ಟಡ ಮುಗಿದೊಡನೆ ನಗರದ ಇನ್ನೊಂದು ತುದಿಗೆ ಹೊರಟುಬಿಡುತ್ತಾರೆ, ಸಿಮ್ಮೂ ಬದಲಾಗಿರುತ್ತದೆ. ಅವರಿಗೆ ಈಗ ಕಾಯಿಲೆಯ ಸಾರಾಂಶ, ಮಾತ್ರೆಗಳ ಜೆನೆರಿಕ್ ಹೆಸರು, ಕೊನೆಯ ಫಲಿತಾಂಶಗಳನ್ನು ಒಂದೇ ಹಾಳೆಯಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟು, ಹೋದ ಕಡೆ ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ತೋರಿಸಿ ಎನ್ನುತ್ತೇವೆ. ಕೆಲವರು ತೋರಿಸಿದ್ದಾರೆ, ಅಲ್ಲಿನ ವೈದ್ಯರು ಅದೇ ಹಾಳೆಯ ಹಿಂದೆ ಬರೆದದ್ದನ್ನು ಹಬ್ಬಕ್ಕೆ ಬಂದಾಗ ತಂದಿದ್ದಾರೆ. ಉಳಿದವರ ಹೆಸರುಗಳು ರಿಜಿಸ್ಟರಿನಲ್ಲಿ ಹಾಗೆಯೇ ಇವೆ.