ಮನೆಮಂದಿಯ ಆರೈಕೆಯಲ್ಲಿ ತೊಡಗಿದವರಿಗೆ ನೆರವಾಗುವ ಬಗೆ

ಪಾರ್ಶ್ವವಾಯುವಿನಿಂದಲೋ ಮರೆವಿನ ಕಾಯಿಲೆಯಿಂದಲೋ ಬಳಲುವವರನ್ನು ವರ್ಷಗಟ್ಟಲೆ ಮನೆಯಲ್ಲಿ ನೋಡಿಕೊಳ್ಳುವ ಮಗಳೋ ಸೊಸೆಯೋ ಗಂಡನೋ ಎದುರಾದಾಗ, ‘ಅವರು ಈಗ ಹೇಗಿದ್ದಾರೆ’ ಎಂದೇ ಎಲ್ಲರೂ ವಿಚಾರಿಸುತ್ತಾರೆ. ‘ನಿನ್ನೆ ರಾತ್ರಿ ನಿಮಗೆಷ್ಟು ಹೊತ್ತು ನಿದ್ದೆ ಆಯಿತು’ ಎಂದು ಕೇಳುವವರು ಕಡಿಮೆ. ನೆರವಾಗಬೇಕೆಂದಿದ್ದರೆ ಅಲ್ಲಿಂದ ಆರಂಭಿಸಿ. ಆದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕೇಳಬೇಡಿ. ಮಲಗಿರುವವರ ಮನಸ್ಸು ನೋಯಬಾರದೆಂದು ‘ಏನೂ ತೊಂದರೆಯಿಲ್ಲ’ ಎಂಬ ಉತ್ತರವೇ ಬರುತ್ತದೆ.

‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತು ಒಳ್ಳೆಯ ಮನಸ್ಸಿನದೇ ಆದರೂ, ದಣಿದವರು ಇನ್ನೊಬ್ಬರನ್ನು ಕೇಳಲು ಬಾಯಿ ತೆರೆಯುವುದು ಅಪರೂಪ. ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಬಂದು ಕೂರುತ್ತೇನೆ ಎಂದು ದಿನ, ಹೊತ್ತು ಗೊತ್ತುಮಾಡಿಕೊಂಡು ತಪ್ಪದೆ ಹೋಗಿ. ಮೊದಲ ಕೆಲವು ಸಲ ಅವರು ಮನೆಯಲ್ಲಿರುವಾಗಲೇ ಹೋಗಿ ಕೆಲಸ ಕಲಿಯಬೇಕು. ಹಾಸಿಗೆ ಹಿಡಿದವರನ್ನು ಮೇಲಕ್ಕೆ ಸರಿಸುವುದನ್ನೇ ನೋಡಿ: ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿದ ಮಡಿಸಿದ ಬೆಡ್‌ಶೀಟನ್ನು ಇಬ್ಬರು ಎರಡೂ ಬದಿಯಲ್ಲಿ ಬಿಗಿಯಾಗಿ ಹಿಡಿದು, ಮೊಣಕಾಲು ತುಸು ಬಾಗಿಸಿ, ಒಟ್ಟಿಗೆ ಸರಿಸಬೇಕು. ಕಂಕುಳಿಗೆ ಕೈಹಾಕಿ ಎಳೆದರೆ ರೋಗಿಯ ಭುಜಕ್ಕೆ ಪೆಟ್ಟಾಗಬಹುದು, ಚರ್ಮ ಉಜ್ಜಿ ಹುಣ್ಣಾಗಬಹುದು, ಎಳೆದವರ ಸೊಂಟವೂ ಹಿಡಿದುಕೊಳ್ಳುತ್ತದೆ. ಇಬ್ಬರ ಈ ಕೆಲಸವನ್ನು ಒಬ್ಬರೇ ರಾತ್ರಿಯಲ್ಲೂ ಮಾಡುತ್ತಿದ್ದಾರೆಂಬುದು ಕೈಹಚ್ಚಿದ ಮೇಲೆಯೇ ಅರಿವಿಗೆ ಬರುತ್ತದೆ. ದೂರದಲ್ಲಿರುವ ಒಡಹುಟ್ಟಿದವರು ಫೋನಿನಲ್ಲಿ ಸಲಹೆ ಕೊಡುವುದನ್ನು ಬಿಟ್ಟು, ವಿಮೆಯ ಕಾಗದಪತ್ರಗಳನ್ನೂ ಸಹಾಯಕರ ಸಂಬಳವನ್ನೂ ವಹಿಸಿಕೊಳ್ಳಲಿ.

ಅವರ ಪರವಾಗಿ ಮಾತನಾಡುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಯಾರ ಮುಂದೆ ಏನನ್ನು ಹೇಳಬಹುದು ಎಂಬುದನ್ನು ಅವರೇ ತೀರ್ಮಾನಿಸಲಿ. ಆಮೇಲೆ ಒಂದು ವಾರದ ಲೆಕ್ಕ ಬರೆದಿಡಲು ನೆರವಾಗಿ. ‘ರಾತ್ರಿ 1.40, ಹಾಸಿಗೆ ಒದ್ದೆ, ಬಟ್ಟೆ ಬದಲಿಸಿದ್ದು, 35 ನಿಮಿಷ’ ಎಂಬಂಥ ಒಂದೊಂದು ಸಾಲು ಸಾಕು. ‘ತುಂಬಾ ಸುಸ್ತು’ ಎಂದಾಗ ತಲೆಯಾಡಿಸಿ ಸುಮ್ಮನಾಗುವ ವೈದ್ಯರೂ ಮೇಲಧಿಕಾರಿಗಳೂ ಇಂಥ ಪುಟವನ್ನು ಬದಿಗಿಡುವುದು ಕಷ್ಟ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡುವಾಗ, ಈ ಆರೈಕೆ ಅವರಿಂದ ಸಾಧ್ಯವೇ ಎಂದು ಮೊದಲು ಅವರನ್ನೇ ಕೇಳುವಂತೆ ಒತ್ತಾಯಿಸಿ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದನ್ನು ನರ್ಸ್ ತೋರಿಸಿದರಷ್ಟೇ ಸಾಲದು, ಇವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಬೇಕು.

ಉದ್ಯೋಗದಾತರಿಗೆ ಬರೆಯುವ ಪತ್ರದಲ್ಲಿ ಮೇಲ್ಪಂಕ್ತಿಗಳನ್ನು ಉಲ್ಲೇಖಿಸಬಹುದು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನವು ಆರೈಕೆಗಾಗಿ ವರ್ಷಕ್ಕೆ ಕನಿಷ್ಠ 5 ಕೆಲಸದ ದಿನಗಳ ರಜೆ ನೀಡಬೇಕೆಂದು ಹೇಳುತ್ತದೆ. ‘ಹೆಂಗಸರು ಹೇಗೂ ಮನೆಯಲ್ಲೇ ಇರುತ್ತಾರಲ್ಲ’ ಎಂಬ ವಾದವನ್ನಂತೂ ಒಪ್ಪಲೇಬಾರದು. ಬ್ರಿಟನ್ನಿನಲ್ಲಿ ಆರೈಕೆದಾರರ ಭತ್ಯೆಯಿಂದ ವಿವಾಹಿತ ಮಹಿಳೆಯರನ್ನು ಹೊರಗಿಟ್ಟಿದ್ದರ ಹಿಂದೆ ಇದ್ದದ್ದು ಇದೇ ಯೋಚನೆ. ತಾಯಿಯ ಆರೈಕೆಗಾಗಿ ಕೆಲಸ ಬಿಟ್ಟಿದ್ದ ಜಾಕಿ ಡ್ರೇಕ್ ಅದನ್ನು ಪ್ರಶ್ನಿಸಿದರು, ಐರೋಪ್ಯ ನ್ಯಾಯಾಲಯ 1986ರಲ್ಲಿ ಅವರ ಪರ ತೀರ್ಪು ನೀಡಿತು. ಒಬ್ಬ ಮಗಳ ಪ್ರಕರಣದ ಫಲ ಸಾವಿರಾರು ಮಹಿಳೆಯರಿಗೆ ದಕ್ಕಿತೆಂಬುದನ್ನು ನೆನೆದಾಗಲೆಲ್ಲ ನನಗೆ ಅರ್ಜಿ ಬರೆಯುವ ಹುಮ್ಮಸ್ಸು ಬರುತ್ತದೆ.

ಒಂದು ಮಾತಿಗೆ ಮಾತ್ರ ತಕ್ಷಣ ಎಚ್ಚೆತ್ತುಕೊಳ್ಳಿ. ‘ಎಲ್ಲಿ ಕೈ ಮಾಡಿಬಿಡುತ್ತೇನೋ ಎಂದು ಭಯವಾಗುತ್ತದೆ’ ಎಂದೋ, ‘ನಾನೇ ಇಲ್ಲವಾದರೆ ಸಾಕು’ ಎಂದೋ ಅವರು ಹೇಳಿದರೆ ಬುದ್ಧಿಹೇಳಲು ಹೋಗಬೇಡಿ, ಗಾಬರಿಯನ್ನೂ ತೋರಿಸಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಆರೈಕೆಯನ್ನು ಬೇರೊಬ್ಬರಿಗೆ ಒಪ್ಪಿಸಿ, ಜೊತೆಯಲ್ಲಿ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.